ಎಡಿಎಚ್‌ಡಿಗೆ ಮಾತ್ರೆಯೋ, ಥೆರಪಿಯೋ, ದಿನಚರಿಯೋ? ಆರಿಸುವ ಮುಂಚೆ ಕೇಳಬೇಕಾದ ಎರಡು ಪ್ರಶ್ನೆ

ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ, ಆತುರ ಬದುಕಿಗೆ ಅಡ್ಡಿಯಾಗುವ, ಬಾಲ್ಯದಿಂದಲೇ ಬರುವ ತೊಂದರೆ) ಇದೆ ಎಂದು ಹೊಸದಾಗಿ ಗೊತ್ತಾದವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಮಾತ್ರೆ ತಗೊಳ್ಳಲಾ, ಬೇಡವಾ?" ನಾನು ಡಾಕ್ಟರ್ ಅಲ್ಲ. ನನಗೆ ಇದು ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. ಅಲ್ಲಿಂದ ಈಚೆಗೆ ಮಾತ್ರೆ, ಥೆರಪಿ, ಅಲಾರಾಂ, ಓಟ, ನಿದ್ದೆ ಎಲ್ಲವನ್ನೂ ಮಾಡಿ ನೋಡಿದ್ದೇನೆ. ಈ ವಿಷಯದಲ್ಲಿ ಬರುವ ಸಂಶೋಧನೆಗಳನ್ನೂ ಬಿಡದೆ ಓದುತ್ತೇನೆ. ಇಷ್ಟೆಲ್ಲ ಆದ ಮೇಲೆ ನನಗೆ ಅನ್ನಿಸಿದ್ದು ಏನೆಂದರೆ, "ಯಾವುದು ಒಳ್ಳೆಯದು" ಎಂದು ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ದಾರಿ ಹಿಡಿಯುವ ಮುಂಚೆಯೂ ಎರಡು ಪ್ರಶ್ನೆ ಹಾಕಿಕೊಳ್ಳಬೇಕು.

ಒಂದು: ಇದು ನನಗೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಎಷ್ಟು ದಿನದಲ್ಲಿ ಗೊತ್ತಾಗುತ್ತದೆ? ಎರಡು: ನನ್ನಲ್ಲಿ ಯಾವುದು ಕಡಿಮೆ ಇದೆಯೋ ಅದನ್ನೇ ಈ ದಾರಿ ನನ್ನಿಂದ ಕೇಳುತ್ತದಾ?

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನಗೆ ಎಷ್ಟೋ ಜನ ಡೈರಿ ಕೊಡಿಸಿದ್ದಾರೆ. "ದಿನಾ ಬೆಳಿಗ್ಗೆ ಐದು ನಿಮಿಷ ಕೂತು ಮಾಡಬೇಕಾದ ಕೆಲಸ ಬರೆದುಕೊ, ಎಲ್ಲ ಸರಿಯಾಗುತ್ತದೆ" ಎಂದಿದ್ದಾರೆ. ಆದರೆ ದಿನಾ ಬರೆಯಬೇಕು ಎಂದು ನೆನಪಿಡಬೇಕಾದವರು ಯಾರು? ಬರೆದದ್ದನ್ನು ಮಧ್ಯಾಹ್ನ ತೆರೆದು ನೋಡಬೇಕು ಎಂದು ನೆನಪಿಡಬೇಕಾದವರು ಯಾರು? ಮರೆವೇ ತೊಂದರೆ ಆಗಿರುವ ಮನುಷ್ಯನಿಗೆ ನೆನಪಿನ ಮೇಲೆ ನಿಂತಿರುವ ಉಪಾಯ ಕೊಟ್ಟರೆ, ಅದು ಹತ್ತು ದಿನ ನಡೆದು ನಿಂತುಹೋಗುತ್ತದೆ. ಆಮೇಲೆ ಅವನು ಡೈರಿಯನ್ನು ಬೈಯುವುದಿಲ್ಲ, ತನ್ನನ್ನೇ ಬೈದುಕೊಳ್ಳುತ್ತಾನೆ. ಈ ನೋವು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಕೆಳಗೆ ಹೇಳುವ ಪ್ರತಿಯೊಂದು ದಾರಿಗೂ ಈ ಎರಡು ಪ್ರಶ್ನೆ ಹಾಕುತ್ತಾ ಹೋಗುತ್ತೇನೆ.

ಮೊದಲು, ಇದು ಎಡಿಎಚ್‌ಡಿಯೇ ಹೌದಾ?

ಇದನ್ನು ಪತ್ತೆ ಮಾಡುವ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನೂ ಇಲ್ಲ. "ನಿಮ್ಮ ಮೆದುಳಿನ ಸ್ಕ್ಯಾನ್ ನೋಡಿ ಹೇಳುತ್ತೇವೆ" ಎಂದು ಯಾರಾದರೂ ಅಂದರೆ ಎದ್ದು ಬನ್ನಿ. ಸಾವಿರಾರು ಜನರ ಸ್ಕ್ಯಾನ್ ಸೇರಿಸಿ ನೋಡಿದ 2017ರ ಅಧ್ಯಯನದಲ್ಲಿ ಎಡಿಎಚ್‌ಡಿ ಇರುವ ಮಕ್ಕಳ ಮೆದುಳಿನ ಕೆಲವು ಭಾಗಗಳು ಸರಾಸರಿಯಲ್ಲಿ ಸ್ವಲ್ಪ ಚಿಕ್ಕದಾಗಿ ಕಂಡವು, ನಿಜ. ಆದರೆ ಆ ವ್ಯತ್ಯಾಸ ಎಷ್ಟು ಸಣ್ಣದೆಂದರೆ, ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ಏನನ್ನೂ ಹೇಳಲಾಗದು. ಗೊತ್ತುಮಾಡುವುದು ಮಾತಿನಿಂದಲೇ: ಬಾಲ್ಯ ಹೇಗಿತ್ತು, ಶಾಲೆಯಲ್ಲಿ ಏನಾಗುತ್ತಿತ್ತು, ಮನೆಯಲ್ಲಿ ಏನು, ಕೆಲಸದಲ್ಲಿ ಏನು. ಅಮೆರಿಕದ ಮನೋವೈದ್ಯರ ಸಂಘ ಹೊರತಂದ, ಈಗ ಬಹಳ ಕಡೆ ಬಳಸುವ 2013ರ ಡಿಎಸ್‌ಎಂ-5 ಮಾನದಂಡದ ಪ್ರಕಾರ ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡಿರಬೇಕು, ಒಂದಕ್ಕಿಂತ ಹೆಚ್ಚು ಕಡೆ ಇರಬೇಕು, ಬದುಕಿಗೆ ತೊಂದರೆ ಕೊಡುತ್ತಿರಬೇಕು. ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಿವೆ, ಚಡಪಡಿಕೆ ಮತ್ತು ಆತುರಕ್ಕೆ ಸಂಬಂಧಿಸಿದ ಒಂಬತ್ತು. ಎರಡರಲ್ಲಿ ಒಂದು ಗುಂಪಿನಿಂದಾದರೂ ಮಕ್ಕಳಿಗೆ ಆರು, 17 ತುಂಬಿದವರಿಗೆ ಐದು ಇರಬೇಕು.

ಆನ್‌ಲೈನ್ ಪರೀಕ್ಷೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್ ಎಂಬ ಪ್ರಶ್ನಾವಳಿ ಒಂದು ಪರವಾಗಿಲ್ಲ. ಅದರ ಮೊದಲ ಆರು ಪ್ರಶ್ನೆ ಸಾಕು. ಆದರೆ ಅದು ಹೇಳುವುದು "ಹೋಗಿ ತೋರಿಸಿಕೊಳ್ಳಿ" ಎಂದಷ್ಟೇ, "ನಿಮಗೆ ಇದೆ" ಎಂದಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಥೈರಾಯ್ಡ್, ಆತಂಕ, ಖಿನ್ನತೆ ಇವೆಲ್ಲವೂ ಹೊರಗಿನಿಂದ ಎಡಿಎಚ್‌ಡಿ ತರಹವೇ ಕಾಣಬಹುದು. ಎಷ್ಟೋ ಸಲ ಇವು ಎಡಿಎಚ್‌ಡಿ ಜೊತೆಗೇ ಇರುತ್ತವೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ವರ್ಷಗಟ್ಟಲೆ "ಆತಂಕ" ಎಂದು ಚಿಕಿತ್ಸೆ ನಡೆದು, ಕೆಳಗಿದ್ದ ಎಡಿಎಚ್‌ಡಿ ಯಾರ ಕಣ್ಣಿಗೂ ಬೀಳದೆ ಹೋಗುವುದು ಉಂಟು. ತರಗತಿಯಲ್ಲಿ ಓಡಾಡುವ ಹುಡುಗ ಎಲ್ಲರಿಗೂ ಕಾಣುತ್ತಾನೆ, ಕಿಟಕಿಯಾಚೆ ನೋಡುತ್ತಾ ಕೂತ ಹುಡುಗಿ ಕಾಣುವುದಿಲ್ಲ. ಅಲ್ವಾ?

ಇನ್ನೊಂದು ಮಾತು, ಮನೆಯವರಿಗೆ. ಇದು ಸೋಮಾರಿತನ ಅಲ್ಲ, ಬೆಳೆಸಿದ ರೀತಿಯಿಂದ ಬಂದದ್ದೂ ಅಲ್ಲ. ಅವಳಿ ಮಕ್ಕಳ ಮೇಲೆ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟು ಮಾಡಿದಾಗ, ಜನರ ನಡುವೆ ಇದರಲ್ಲಿ ಕಾಣುವ ವ್ಯತ್ಯಾಸಕ್ಕೆ ವಂಶವಾಹಿಗಳ ಪಾಲು ಸುಮಾರು 74% ಎಂದು ಬಂದಿದೆ. ಎತ್ತರದಷ್ಟಲ್ಲದಿದ್ದರೂ ಅದಕ್ಕೆ ತುಂಬಾ ಹತ್ತಿರ. ಯಾವುದೋ ಒಂದು ಜೀನ್ ಕೆಟ್ಟು ಇದು ಬರುವುದಿಲ್ಲ. 2023ರ ಹೊತ್ತಿಗೆ ವಂಶವಾಹಿಯ 27 ಜಾಗಗಳು ಖಚಿತವಾಗಿ ಸಿಕ್ಕಿದ್ದವು, ಒಂದೊಂದರ ಪ್ರಭಾವವೂ ಎಳ್ಳಷ್ಟು. ನನಗೆ ಗೊತ್ತಾದ ಮೇಲೆ ಅಪ್ಪನ ಬದುಕನ್ನು ಹಿಂತಿರುಗಿ ನೋಡಿದೆ. ಅರ್ಧಕ್ಕೆ ಬಿಟ್ಟ ಕೆಲಸಗಳು, ಕಳೆದುಹೋಗುವ ಕನ್ನಡಕ, ಎದ್ದೆನೋ ಬಿದ್ದೆನೋ ಎಂದು ಓಡಿ ಬಸ್ಸು ಹಿಡಿಯುವುದು. ಅವರಿಗೆ ಯಾರೂ ಒಂದು ಹೆಸರು ಹೇಳಲಿಲ್ಲ, ಬೈದರು ಅಷ್ಟೇ.

ಸ್ಟಿಮ್ಯುಲಂಟ್ ಮಾತ್ರೆ

ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಭಯವೂ ಇಲ್ಲೇ ಜಾಸ್ತಿ, ಪುರಾವೆಯೂ ಇಲ್ಲೇ ಜಾಸ್ತಿ.

ಸ್ಟಿಮ್ಯುಲಂಟ್ ಎಂದರೆ ಮೆದುಳನ್ನು ಚುರುಕುಗೊಳಿಸುವ ಔಷಧ. ಇದರಲ್ಲಿ ಮುಖ್ಯವಾಗಿ ಎರಡು ಜಾತಿ: ಮಿಥೈಲ್‌ಫೆನಿಡೇಟ್ ಒಂದು, ಆಂಫೆಟಮಿನ್ ಗುಂಪಿನವು ಇನ್ನೊಂದು. ಎರಡನೆಯ ಗುಂಪಿನಲ್ಲಿ ಈಗ ಹೆಚ್ಚಾಗಿ ಕೇಳಿಬರುವುದು ಲಿಸ್‌ಡೆಕ್ಸ್‌ಆಂಫೆಟಮಿನ್. ಎಲ್ಲ ದೇಶಗಳಲ್ಲೂ ಎಲ್ಲವೂ ಸಿಗುವುದಿಲ್ಲ. ಇವು ಹೊಸ ಔಷಧಗಳೇನಲ್ಲ. ಮಕ್ಕಳ ಮೇಲೆ ಇಂಥ ಔಷಧದ ಪರಿಣಾಮವನ್ನು ಅಮೆರಿಕದ ಡಾಕ್ಟರ್ ಚಾರ್ಲ್ಸ್ ಬ್ರಾಡ್ಲಿ ಬರೆದಿಟ್ಟದ್ದು 1937ರಲ್ಲಿ. ಮಿಥೈಲ್‌ಫೆನಿಡೇಟ್ ತಯಾರಾದದ್ದು 1944ರಲ್ಲಿ.

ಮೊದಲ ಪ್ರಶ್ನೆ, ಎಷ್ಟು ದಿನದಲ್ಲಿ ಗೊತ್ತಾಗುತ್ತದೆ? ದಿನ ಬೇಡ, ಒಂದು ಗಂಟೆ ಸಾಕು. ಸರಿಯಾದ ಪ್ರಮಾಣ ಹುಡುಕಲು ಕೆಲವು ವಾರ ಬೇಕು, ಆದರೆ ಮೈಗೆ ಒಗ್ಗುತ್ತದೋ ಇಲ್ಲವೋ ಎಂಬುದರ ಸುಳಿವು ಬೇಗ ಸಿಗುತ್ತದೆ. ಎರಡನೆಯ ಪ್ರಶ್ನೆ, ಏನು ಕೇಳುತ್ತದೆ? ಬೆಳಿಗ್ಗೆ ಒಂದು ಮಾತ್ರೆ ನುಂಗುವಷ್ಟು ನೆನಪು. ಬೇರೆ ಯಾವ ದಾರಿಯೂ ಇಷ್ಟು ಕಡಿಮೆ ಕೇಳುವುದಿಲ್ಲ.

ನನಗೆ ಏನಾಯಿತು ಎಂದು ಹೇಳುತ್ತೇನೆ. ನನ್ನ ಮೇಜಿನ ಮೇಲೆ ಒಂದು ಲಕೋಟೆ 23 ದಿನದಿಂದ ಬಿದ್ದಿತ್ತು. ಒಳಗೆ ಒಂದು ಫಾರ್ಮ್, ಎರಡು ಸಾಲು ತುಂಬಿ ಸಹಿ ಹಾಕಿ ಕಳಿಸಬೇಕಿತ್ತು. ದಿನಾ ಅದನ್ನು ನೋಡುತ್ತಿದ್ದೆ, ದಿನಾ ಎದೆಯ ಮೇಲೆ ಕಲ್ಲಿಟ್ಟ ಹಾಗಾಗುತ್ತಿತ್ತು. ಕೈ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಮೊದಲ ಸಲ ಮಾತ್ರೆ ತೆಗೆದುಕೊಂಡ ದಿನ, ಸುಮಾರು ಒಂದು ಗಂಟೆಯಾದ ಮೇಲೆ, ಆ ಕಡೆ ಹೋದವನು ಲಕೋಟೆ ಎತ್ತಿಕೊಂಡೆ, ಹರಿದೆ, ಓದಿದೆ, ತುಂಬಿದೆ, ಸಹಿ ಹಾಕಿದೆ. ಗಡಿಯಾರ ನೋಡಿದರೆ ನಾಲ್ಕು ನಿಮಿಷ. ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಬೇರೆಯವರಿಗೆ ಪ್ರತಿದಿನ ಹೀಗೇ ಇರುತ್ತದಾ ಎಂಬ ಯೋಚನೆ ಬಂದು ಅಳು ಬಂತು.

ಹೀಗೆ ಯಾಕೆ ಆಗುತ್ತದೆ? ಈ ಔಷಧಗಳು ಮೆದುಳಿನಲ್ಲಿ ಡೋಪಮಿನ್ ಮತ್ತು ನಾರ್‌ಎಪಿನೆಫ್ರಿನ್ ಎಂಬ, ಸಂದೇಶ ಒಯ್ಯುವ ರಾಸಾಯನಿಕಗಳು ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ. ಆಂಫೆಟಮಿನ್ ಅವುಗಳ ಬಿಡುಗಡೆಯನ್ನೂ ಹೆಚ್ಚಿಸುತ್ತದೆ. ಗಮನದ ಬೀಗ ತೆರೆಯುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. 2025ರ ಕೊನೆಗೆ ಸಾವಿರಾರು ಮಕ್ಕಳ ಸ್ಕ್ಯಾನ್ ಇಟ್ಟುಕೊಂಡು ಬಂದ ಒಂದು ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು: ಬದಲಾವಣೆ ಜಾಸ್ತಿ ಕಂಡದ್ದು ಗಮನದ ಜಾಲಗಳಲ್ಲಿ ಅಲ್ಲ, ಎಚ್ಚರದ ಜಾಲಗಳಲ್ಲಿ ಮತ್ತು "ಇದನ್ನು ಮಾಡಿದರೆ ಏನು ಸಿಗುತ್ತದೆ" ಎಂದು ತೂಗುವ ಜಾಲಗಳಲ್ಲಿ. ನನ್ನ ಲಕೋಟೆಗೆ ಇದು ಸರಿಹೊಂದುತ್ತದೆ. ಫಾರ್ಮ್ ನನಗೆ ಅರ್ಥವಾಗದೆ ಇರಲಿಲ್ಲ. ಅದನ್ನು ಮುಟ್ಟಲು ಬೇಕಾದ ಸಣ್ಣ ಆಸೆ ಇರಲಿಲ್ಲ, ಅದು ಬಂತು.

ಆದರೆ ಎರಡನೆಯ ದಿನವೇ ಮಾತ್ರೆಯ ಮಿತಿಯೂ ಗೊತ್ತಾಯಿತು. ಬರೆಯಬೇಕಾದ ವರದಿ ಇತ್ತು. ಅದನ್ನು ತೆರೆಯುವ ಮುಂಚೆ ಹಳೆಯ ಫೋಟೋಗಳ ಫೋಲ್ಡರ್ ಕಣ್ಣಿಗೆ ಬಿತ್ತು. ಮೂರು ಗಂಟೆ ಅತ್ಯಂತ ಶ್ರದ್ಧೆಯಿಂದ ಫೋಟೋ ಜೋಡಿಸಿದೆ. ಮಾತ್ರೆ ಎಂಜಿನ್ನಿಗೆ ಶಕ್ತಿ ಕೊಡುತ್ತದೆ, ಸ್ಟೀರಿಂಗ್ ಹಿಡಿಯುವುದಿಲ್ಲ. ಇದನ್ನು ಮರೆಯಬೇಡಿ, ಥೆರಪಿಯ ಮಾತು ಬಂದಾಗ ಮತ್ತೆ ಇಲ್ಲಿಗೇ ಬರುತ್ತೇನೆ.

ಸಂಶೋಧನೆ ಏನು ಹೇಳುತ್ತದೆ? 2018ರಲ್ಲಿ 133 ಪ್ರಯೋಗಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆಯಲ್ಲಿ, ಪರಿಣಾಮ ಮತ್ತು ಅಡ್ಡಪರಿಣಾಮ ಎರಡನ್ನೂ ಸೇರಿಸಿ ನೋಡಿದಾಗ ಮಕ್ಕಳಿಗೆ ಮಿಥೈಲ್‌ಫೆನಿಡೇಟ್, ದೊಡ್ಡವರಿಗೆ ಆಂಫೆಟಮಿನ್ ಗುಂಪು ಮೊದಲ ಆಯ್ಕೆಯಾಗಿ ನಿಂತವು. ಅದು ಸುಮಾರು 12 ವಾರದ ಲೆಕ್ಕ ಎಂಬುದನ್ನು ನೆನಪಿಡಿ. ದೊಡ್ಡವರ ಮೇಲಿನ 113 ಪ್ರಯೋಗಗಳನ್ನು ನೋಡಿದ 2025ರ ಇನ್ನೊಂದು ವಿಶ್ಲೇಷಣೆಯಲ್ಲಿ, ರೋಗಿಯೂ ಡಾಕ್ಟರೂ ಇಬ್ಬರೂ "ಹೌದು, ಕಡಿಮೆಯಾಗಿದೆ" ಎಂದದ್ದು ಸ್ಟಿಮ್ಯುಲಂಟ್ ಮತ್ತು ಅಟೊಮಾಕ್ಸೆಟಿನ್‌ಗೆ (ಸ್ಟಿಮ್ಯುಲಂಟ್ ಅಲ್ಲದ ಮಾತ್ರೆ, ಕೆಳಗೆ ಹೇಳುತ್ತೇನೆ) ಮಾತ್ರ. ಅದೇ ವಿಶ್ಲೇಷಣೆಯಲ್ಲಿ, ಔಷಧದಿಂದ ಒಟ್ಟಾರೆ ಬದುಕಿನ ಗುಣಮಟ್ಟ ಏರಿತು ಎಂದು ಹೇಳುವಷ್ಟು ಪುರಾವೆ ಸಿಗಲಿಲ್ಲ. ನನ್ನ ಫೋಟೋ ಫೋಲ್ಡರ್ ಕಥೆಗೂ ಇದಕ್ಕೂ ಸಂಬಂಧ ಇದೆ ಎಂದೇ ನನ್ನ ನಂಬಿಕೆ.

ಬದುಕಿನ ದೊಡ್ಡ ಅಪಾಯಗಳ ವಿಷಯದಲ್ಲಿ ಸ್ವೀಡನ್ನಿನ ದಾಖಲೆಗಳು ತುಂಬಾ ಹೇಳುತ್ತವೆ. 2012ರಲ್ಲಿ 25,000ಕ್ಕೂ ಹೆಚ್ಚು ಜನರನ್ನು ನೋಡಿದಾಗ, ಔಷಧ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಅಪರಾಧದ ಪ್ರಮಾಣ ಗಂಡಸರಲ್ಲಿ 32%, ಹೆಂಗಸರಲ್ಲಿ 41% ಕಡಿಮೆ ಇತ್ತು. 2024ರಲ್ಲಿ ಸುಮಾರು 1,48,000 ಜನರ ದಾಖಲೆಯಲ್ಲಿ, ಔಷಧ ಶುರು ಮಾಡಿದವರಲ್ಲಿ ಸಾವಿನ ಪ್ರಮಾಣ ಕಡಿಮೆ ಕಂಡಿತು. ವಾಹನ ಅಪಘಾತದ ಬಗ್ಗೆಯೂ ಹೀಗೇ ಇದೆ. ದಿನಾ ಗಾಡಿ ಓಡಿಸುವವರು, ಎಡಿಎಚ್‌ಡಿ ಇದ್ದರೆ, ಇದನ್ನು ಡಾಕ್ಟರ ಹತ್ತಿರ ಎತ್ತಲೇಬೇಕು.

ಈಗ ಇನ್ನೊಂದು ಮಗ್ಗುಲು. ಹಸಿವು ಸಾಯುತ್ತದೆ. ರಾತ್ರಿ ನಿದ್ದೆ ತಡವಾಗಬಹುದು. ಎದೆಬಡಿತ, ರಕ್ತದೊತ್ತಡ ಸ್ವಲ್ಪ ಏರುತ್ತವೆ. ಹೃದಯದ ತೊಂದರೆ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ ಸಾವು ಆಗಿದ್ದವರು ಇದನ್ನು ಮೊದಲೇ ಹೇಳಬೇಕು. ಹಿಂದೆ ಮನಸ್ಸು ವಾಸ್ತವದ ಹಿಡಿತ ತಪ್ಪಿದ ಅನುಭವ ಇದ್ದರೆ ಅದನ್ನೂ ಮುಚ್ಚಿಡಬಾರದು. 2024ರ ಸ್ವೀಡಿಷ್ ಅಧ್ಯಯನವೊಂದರಲ್ಲಿ ಬಳಸಿದ ವರ್ಷ ಹೆಚ್ಚಿದಂತೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ, ಅದರಲ್ಲೂ ಬಿಪಿ, ವರ್ಷಕ್ಕೆ ಸರಾಸರಿ 4% ಏರಿದ್ದು ಕಂಡಿತು. ಹೆದರಿ ಬಿಟ್ಟುಬಿಡುವಷ್ಟಲ್ಲ, ಬಿಪಿ ನೋಡಿಸದೆ ವರ್ಷಗಟ್ಟಲೆ ನುಂಗುವಂತೆಯೂ ಇಲ್ಲ. ಮಕ್ಕಳಲ್ಲಿ ವರ್ಷಗಟ್ಟಲೆ ಬಳಸಿದರೆ ಎತ್ತರ ಒಂದೆರಡು ಸೆಂಟಿಮೀಟರ್ ಕಡಿಮೆಯಾಗಬಹುದು, ಹಾಗಾಗಿ ತೂಕ ಮತ್ತು ಎತ್ತರ ಅಳೆಯುತ್ತಾ ಇರಬೇಕು. ಚಟದ ಭಯ? ಬೇರೆಯವರ ಮಾತ್ರೆ ಕದ್ದು ನುಂಗಿದರೆ, ಹೇಳಿದ್ದಕ್ಕಿಂತ ಜಾಸ್ತಿ ನುಂಗಿದರೆ ಅಪಾಯ ಖಂಡಿತ ಇದೆ, ಅದಕ್ಕೇ ಕಾನೂನಿನ ಕಟ್ಟುಪಾಡು. ಆದರೆ ಡಾಕ್ಟರ ಕೈಕೆಳಗೆ ಸರಿಯಾಗಿ ತೆಗೆದುಕೊಂಡವರಲ್ಲಿ ಮುಂದೆ ನಶೆಯ ಚಟ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ.

ಚಿಕ್ಕ ಅವಧಿಯದೋ ದೊಡ್ಡ ಅವಧಿಯದೋ ಎಂಬುದೂ ಒಂದು ಆಯ್ಕೆ. ಸಾದಾ ಮಿಥೈಲ್‌ಫೆನಿಡೇಟ್ ಮೂರು ನಾಲ್ಕು ಗಂಟೆ ಇರುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳು ಎಂಟರಿಂದ ಹನ್ನೆರಡು ಗಂಟೆ. ಲಿಸ್‌ಡೆಕ್ಸ್‌ಆಂಫೆಟಮಿನ್ ಇನ್ನೂ ಸ್ವಲ್ಪ ಜಾಸ್ತಿ. ಎರಡನೆಯ ಪ್ರಶ್ನೆ ಹಾಕಿ ನೋಡಿ: ದಿನಕ್ಕೆ ಮೂರು ಸಲ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವುದು ನಮ್ಮಂಥವರಿಂದ ಆಗುವ ಕೆಲಸವಾ? ನನ್ನಿಂದ ಆಗಲಿಲ್ಲ. ಎರಡನೆಯ ಡೋಸ್ ಮರೆತ ದಿನ ನಾಲ್ಕು ಗಂಟೆಯ ಹೊತ್ತಿಗೆ ಮನಸ್ಸು ಒಮ್ಮೆಲೇ ಕುಸಿಯುತ್ತಿತ್ತು, ಸಣ್ಣ ಮಾತಿಗೂ ಸಿಟ್ಟು ಬರುತ್ತಿತ್ತು, ಎದುರಿಗೆ ಮಕ್ಕಳಿದ್ದರೆ ಅವರ ಮೇಲೆ. ಹೀಗೆ ಆಗುವುದನ್ನು ಡಾಕ್ಟರಿಗೆ ಹೇಳಿ. ಔಷಧ ಇಳಿಯುವ ಹೊತ್ತಿನ ತೊಂದರೆ ಅದು. ನಿಮ್ಮ ಸ್ವಭಾವ ಕೆಟ್ಟಿದೆ ಎಂದಲ್ಲ, ಹೊತ್ತು ಅಥವಾ ಪ್ರಮಾಣ ಬದಲಿಸಿದರೆ ಸರಿಹೋಗುವಂಥದ್ದು.

ಸ್ಟಿಮ್ಯುಲಂಟ್ ಅಲ್ಲದ ಮಾತ್ರೆ

ಇವುಗಳಲ್ಲಿ ಎಡಿಎಚ್‌ಡಿಗೆಂದು ಮೊದಲು ಒಪ್ಪಿಗೆ ಸಿಕ್ಕಿದ್ದು ಅಟೊಮಾಕ್ಸೆಟಿನ್‌ಗೆ, ಅಮೆರಿಕದಲ್ಲಿ 2002ರಲ್ಲಿ. ದಿನವಿಡೀ ಕೆಲಸ ಮಾಡುತ್ತದೆ, ಏರಿಳಿತ ಇಲ್ಲ, ಚಟದ ಭಯ ಇಲ್ಲ. ಆತಂಕ ಜೊತೆಗಿರುವವರಿಗೆ, ಹಿಂದೆ ನಶೆಯ ತೊಂದರೆ ಇದ್ದವರಿಗೆ ಡಾಕ್ಟರುಗಳು ಇದರ ಕಡೆ ಒಲಿಯುತ್ತಾರೆ. ಆದರೆ ಮೊದಲ ಪ್ರಶ್ನೆಯಲ್ಲಿ ಇದು ಸೋಲುತ್ತದೆ: ಪೂರ್ತಿ ಗೊತ್ತಾಗಲು ಆರರಿಂದ ಹನ್ನೆರಡು ವಾರ. ಆ ವಾರಗಳಲ್ಲಿ ಲಾಭ ಕಾಣದೆ ಹೊಟ್ಟೆ ತೊಳಸು, ಬಾಯಿ ಒಣಗುವುದು ಮಾತ್ರ ಕಾಣುತ್ತದೆ, ಜನ ಬಿಟ್ಟುಬಿಡುತ್ತಾರೆ. 2025ರ ವಿಶ್ಲೇಷಣೆಯಲ್ಲೂ ಔಷಧವಿಲ್ಲದ ಸುಳ್ಳುಮಾತ್ರೆಗಿಂತ ಇದನ್ನು ಅರ್ಧಕ್ಕೆ ಬಿಟ್ಟವರು ಜಾಸ್ತಿ. ಶುರು ಮಾಡುವುದಾದರೆ "ಇಂಥ ತಾರೀಖಿನವರೆಗೆ ಬಿಡುವುದಿಲ್ಲ" ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯವರಿಗೂ ಹೇಳಿ. ಒಂದು ಎಚ್ಚರಿಕೆ: ಮಕ್ಕಳು, ಹದಿಹರೆಯದವರಲ್ಲಿ ಇದು ಅಪರೂಪಕ್ಕೆ ಆತ್ಮಹತ್ಯೆಯ ಯೋಚನೆ ತರಬಹುದು. ಮೊದಲ ತಿಂಗಳುಗಳಲ್ಲಿ ಮನಸ್ಥಿತಿ ಬದಲಾದರೆ ತಡ ಮಾಡದೆ ಡಾಕ್ಟರಿಗೆ ಹೇಳಬೇಕು.

ಗ್ವಾನ್‌ಫಸಿನ್, ಕ್ಲೊನಿಡಿನ್ ಮೂಲತಃ ಬಿಪಿ ಔಷಧಗಳು, ಹೆಚ್ಚಾಗಿ ಮಕ್ಕಳಿಗೆ ಕೊಡುತ್ತಾರೆ. ನಿದ್ದೆ ಬರಿಸುತ್ತವೆ. ಒಮ್ಮೆಲೇ ನಿಲ್ಲಿಸಿದರೆ ಬಿಪಿ ಜಿಗಿಯುತ್ತದೆ, ಹಾಗಾಗಿ ಮಾತ್ರೆ ಮರೆಯುವ ಮನೆಗಳಲ್ಲಿ ಯೋಚಿಸಿ. ವಿಲೊಕ್ಸಜೀನ್ ಎಂಬುದು ಅಮೆರಿಕದಲ್ಲಿ 2021ರಿಂದ ಮಕ್ಕಳಿಗೆ, ಮರುವರ್ಷದಿಂದ ದೊಡ್ಡವರಿಗೂ ಇದೆ.

ಸಿಬಿಟಿ ಮತ್ತು ಕೋಚಿಂಗ್

ಥೆರಪಿ ಎಂದರೆ ಸೋಫಾ ಮೇಲೆ ಕೂತು ಬಾಲ್ಯದ ಕಥೆ ಹೇಳುವುದು ಎಂದು ಹಲವರ ಕಲ್ಪನೆ. ಎಡಿಎಚ್‌ಡಿಗಾಗಿಯೇ ಮಾಡಿದ ಸಿಬಿಟಿ (ಯೋಚನೆ ಮತ್ತು ನಡವಳಿಕೆಯ ರೀತಿ ಬದಲಿಸಲು ಕಲಿಸುವ ಥೆರಪಿ) ಹಾಗಿರುವುದಿಲ್ಲ. ದೊಡ್ಡ ಕೆಲಸವನ್ನು ಹೇಗೆ ತುಂಡು ಮಾಡುವುದು, ಒಂದೇ ಕ್ಯಾಲೆಂಡರ್ ಹೇಗೆ ಇಟ್ಟುಕೊಳ್ಳುವುದು, ಗಮನ ಹಾರಿದಾಗ ಹೇಗೆ ವಾಪಸ್ ತರುವುದು, "ನನ್ನಿಂದ ಏನೂ ಆಗುವುದಿಲ್ಲ" ಎಂಬ ಹಳೆಯ ಮಾತನ್ನು ಹೇಗೆ ಪ್ರಶ್ನಿಸುವುದು, ಇಂಥವು. ಔಷಧ ತೆಗೆದುಕೊಂಡ ಮೇಲೂ ಲಕ್ಷಣ ಉಳಿದಿದ್ದ 86 ಜನರ ಮೇಲೆ 2010ರಲ್ಲಿ ನಡೆದ ಅಮೆರಿಕದ ಪ್ರಯೋಗದಲ್ಲಿ, 12 ಸೆಷನ್ ಸಿಬಿಟಿ ಪಡೆದವರು, ವಿಶ್ರಾಂತಿಯ ತರಬೇತಿ ಪಡೆದವರಿಗಿಂತ ಚೆನ್ನಾಗಿ ಸುಧಾರಿಸಿದರು, ಆ ಲಾಭ ತಿಂಗಳುಗಟ್ಟಲೆ ಉಳಿಯಿತು.

ನಾನು ಹೇಳಿದ ಸ್ಟೀರಿಂಗ್ ಇದೇ. ನನಗೆ ಇದರಿಂದ ಸಿಕ್ಕಿದ್ದು ಒಂದು ಅಭ್ಯಾಸ: ಮಾತ್ರೆ ಏರುವ ಮುಂಚೆಯೇ, ಆ ದಿನದ ಮೊದಲ ಕೆಲಸದ ಫೈಲ್ ತೆರೆದಿಟ್ಟು, ಉಳಿದೆಲ್ಲ ಮುಚ್ಚುವುದು. ಎಂಜಿನ್ ಶುರುವಾದಾಗ ಗಾಡಿ ಸರಿಯಾದ ರಸ್ತೆಯ ಕಡೆ ಮುಖ ಮಾಡಿ ನಿಂತಿರಬೇಕು, ಅಷ್ಟೇ.

ಎರಡನೆಯ ಪ್ರಶ್ನೆ ಇಲ್ಲಿ ಬಹಳ ಮುಖ್ಯ. ಸಿಬಿಟಿ ಹೋಂವರ್ಕ್ ಕೇಳುತ್ತದೆ. ವಾರವಾರ ಹೊತ್ತಿಗೆ ಸರಿಯಾಗಿ ಹೋಗಬೇಕು, ಬರೆಯಬೇಕು, ಅಭ್ಯಾಸ ಮಾಡಬೇಕು. ತೊಂದರೆ ತೀವ್ರವಾಗಿದ್ದಾಗ ಅದೇ ಆಗದ ಕೆಲಸ. ಆದ್ದರಿಂದ ತೀವ್ರವಾಗಿರುವವರು ಸಿಬಿಟಿಯಿಂದಲೇ ಶುರು ಮಾಡಿ "ನನಗೆ ಥೆರಪಿಯೂ ಹತ್ತಲಿಲ್ಲ" ಎಂದು ಸೋತು ಬರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಮೊದಲು ಮಾತ್ರೆಯಿಂದ ಸ್ವಲ್ಪ ನೆಲ ಸಿಗಲಿ, ಆಮೇಲೆ ಇದು. ಮಾತ್ರೆ ಬೇಡ ಎನ್ನುವವರು, ಮಾತ್ರೆ ಹಿಡಿಸದವರು ಥೆರಪಿಸ್ಟ್ ಹತ್ತಿರ ಮೊದಲ ದಿನವೇ ಕೇಳಿ: "ಹೋಂವರ್ಕ್ ಮರೆತರೆ ನೀವು ಏನು ಮಾಡುತ್ತೀರಿ?" ನಡುವೆ ಒಂದು ಮೆಸೇಜ್ ಕಳಿಸುತ್ತೇನೆ, ಸೆಷನ್ನಿನಲ್ಲೇ ಕೂತು ಒಟ್ಟಿಗೆ ಮಾಡೋಣ ಎನ್ನುವವರು ಸಿಕ್ಕರೆ ಹಿಡಿದುಕೊಳ್ಳಿ. "ಅದು ನಿಮ್ಮ ಜವಾಬ್ದಾರಿ" ಎನ್ನುವವರಿಗೆ ಎಡಿಎಚ್‌ಡಿ ಗೊತ್ತಿಲ್ಲ.

ಕೋಚಿಂಗ್, ಅಂದರೆ ದಿನಚರಿ ಮತ್ತು ಗುರಿ ಹಿಡಿದಿಡಲು ಒಬ್ಬರು ಜೊತೆಗಿದ್ದು ಸಹಾಯ ಮಾಡುವುದು, ಇನ್ನೂ ಸಡಿಲವಾದ ಕ್ಷೇತ್ರ. ಒಳ್ಳೆಯ ಕೋಚ್ ವಾರಕ್ಕೊಮ್ಮೆ ಕೇಳುವ "ಏನಾಯಿತು?" ಎಂಬ ಪ್ರಶ್ನೆಗೇ ಬಹಳ ಬೆಲೆ ಇದೆ. ಆದರೆ ಯಾರು ಬೇಕಾದರೂ ಆ ಬೋರ್ಡು ಹಾಕಿಕೊಳ್ಳಬಹುದು. ಆತಂಕ, ಖಿನ್ನತೆ ಜೊತೆಗಿದ್ದರೆ ಕೋಚ್ ಬೇಡ, ತರಬೇತಿ ಇರುವ ಥೆರಪಿಸ್ಟೇ ಬೇಕು.

ಚಿಕ್ಕ ಮಕ್ಕಳ ವಿಷಯ ಬೇರೆ. ಶಾಲೆಗೆ ಹೋಗುವ ವಯಸ್ಸಿಗಿಂತ ಚಿಕ್ಕವರಿಗೆ ಮೊದಲ ದಾರಿ ತಂದೆತಾಯಿಗೆ ತರಬೇತಿ ಎಂದೇ ಅಮೆರಿಕ, ಬ್ರಿಟನ್ ಎರಡರ ಮಾರ್ಗಸೂಚಿಯೂ ಹೇಳುತ್ತವೆ. ನೀವು ಕೆಟ್ಟ ಪೋಷಕರು ಎಂದು ಅದರ ಅರ್ಥ ಅಲ್ಲ. ಈ ಮಗುವಿಗೆ ಬೇರೆ ಮಕ್ಕಳಿಗಿಂತ ಬೇಗ, ಚಿಕ್ಕದಾಗಿ, ಪದೇ ಪದೇ ಮೆಚ್ಚುಗೆ ಬೇಕು. ಅದನ್ನು ಕೊಡುವ ರೀತಿ ಕಲಿಯಬೇಕಾಗುತ್ತದೆ.

ಸುತ್ತಲಿನದನ್ನು ಬದಲಿಸುವುದು

ಇದಕ್ಕೆ ಯಾರ ಚೀಟಿಯೂ ಬೇಡ, ಇವತ್ತೇ ಮಾಡಬಹುದು, ನಾಳೆಯೇ ಗೊತ್ತಾಗುತ್ತದೆ. ನಿಯಮ ಒಂದೇ: ನೆನಪನ್ನು ತಲೆಯಿಂದ ತೆಗೆದು ಕಣ್ಣಿಗೆ, ಕಾಲಿಗೆ ತಾಗುವ ಜಾಗದಲ್ಲಿ ಇಡುವುದು. ನಾಳೆ ತೆಗೆದುಕೊಂಡು ಹೋಗಲೇಬೇಕಾದ ಕಾಗದವನ್ನು ನಾನು ಮೇಜಿನ ಮೇಲೆ ಇಡುವುದಿಲ್ಲ, ಮಡಚಿ ಶೂ ಒಳಗೆ ಇಡುತ್ತೇನೆ. ಕಾಲು ಹಾಕಿದರೆ ಕಾಗದ ಸಿಗಲೇಬೇಕು. ಮಾತ್ರೆಯ ಡಬ್ಬಿ ಟೂತ್‌ಬ್ರಶ್ ಪಕ್ಕದಲ್ಲಿ, ವಾರದ ಏಳು ಖಾನೆ ಇರುವುದು, ಯಾಕೆಂದರೆ "ಇವತ್ತು ತಗೊಂಡೆನಾ?" ಎಂಬ ಪ್ರಶ್ನೆಗೆ ಖಾಲಿ ಖಾನೆಯೇ ಉತ್ತರ. ಫೋನಿನ ಟೈಮರ್ ನನಗೆ ಆಗಲಿಲ್ಲ. ಫೋನ್ ಎತ್ತಿದರೆ ಅರ್ಧ ಗಂಟೆ ಗಾಳಿಗೆ ಹೋಗುತ್ತಿತ್ತು. ಉಳಿದ ಹೊತ್ತು ಬಣ್ಣದಲ್ಲಿ ಕರಗುತ್ತಾ ಹೋಗುವ ಸಣ್ಣ ಟೈಮರ್ ಗಡಿಯಾರ ಆಯಿತು. ನಮಗೆ ಹೊತ್ತು ಅಂದಾಜಿಗೆ ಸಿಗುವುದಿಲ್ಲ, ಕಣ್ಣಿಗೆ ಕಾಣಬೇಕು.

ಪಕ್ಕದಲ್ಲಿ ಇನ್ನೊಬ್ಬರು ಸುಮ್ನೆ ಕೂತು ಅವರ ಕೆಲಸ ಮಾಡುತ್ತಿದ್ದರೆ ನಮ್ಮ ಕೆಲಸವೂ ಸಾಗುತ್ತದೆ, ಇದನ್ನು ಎಡಿಎಚ್‌ಡಿ ಇರುವ ಬಹಳ ಜನ ಹೇಳುತ್ತಾರೆ. ಗಟ್ಟಿ ಪ್ರಯೋಗಗಳು ಕಡಿಮೆ, ಖರ್ಚೂ ಅಪಾಯವೂ ಇಲ್ಲ, ಮಾಡಿ ನೋಡಿ. "ಹೀಗಾದರೆ ಹೀಗೆ" ಎಂಬ ವಾಕ್ಯಗಳು ಇನ್ನೊಂದು: "ಚೆನ್ನಾಗಿ ಓದುತ್ತೇನೆ" ಅಲ್ಲ, "ಕುರ್ಚಿಯಲ್ಲಿ ಕೂತ ಕೂಡಲೇ ಪುಸ್ತಕ ತೆರೆಯುತ್ತೇನೆ".

ಈ ದಾರಿಯ ದೌರ್ಬಲ್ಯ, ಉಪಾಯ ಹಳತಾಗುತ್ತದೆ. ಗೋಡೆಯ ಚೀಟಿ ಎರಡು ವಾರದ ಮೇಲೆ ಗೋಡೆಯೇ ಆಗಿಬಿಡುತ್ತದೆ. ಬಣ್ಣ, ಜಾಗ ಬದಲಿಸುತ್ತಾ ಇರಬೇಕು. ಉಪಾಯ ಸವೆಯಿತು ಎಂದರೆ ನೀವು ಸೋತಿರಿ ಎಂದಲ್ಲ.

ನಿದ್ದೆ, ವ್ಯಾಯಾಮ ಇಲ್ಲೇ ಸೇರುತ್ತವೆ. ಎಡಿಎಚ್‌ಡಿ ಇರುವ ಹಲವರ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ, ರಾತ್ರಿ ನಿದ್ದೆಯ ಹಾರ್ಮೋನ್ ಮೆಲಟೋನಿನ್ ಏರುವುದೇ ಬೇರೆಯವರಿಗಿಂತ ಗಂಟೆಗೂ ಹೆಚ್ಚು ತಡ. ನಿದ್ದೆಗೆಟ್ಟರೆ ಯಾರ ಗಮನವೂ ಕೆಡುತ್ತದೆ, ನಮ್ಮದು ಇನ್ನೂ ಜಾಸ್ತಿ. ಬೆಳಿಗ್ಗೆಯ ಬೆಳಕು ಮತ್ತು ದಿನಾ ಒಂದೇ ಹೊತ್ತಿಗೆ ಏಳುವುದು ಸಹಾಯ ಮಾಡುತ್ತವೆ. ಇಪ್ಪತ್ತು ಮೂವತ್ತು ನಿಮಿಷ ಮೈ ಬಿಸಿಯಾಗುವಂತೆ ಓಡಿದರೆ ಆಮೇಲೆ ಸ್ವಲ್ಪ ಹೊತ್ತು ತಲೆ ತಿಳಿಯಾಗಿರುತ್ತದೆ, ಕಷ್ಟದ ಕೆಲಸವನ್ನು ಆ ಹೊತ್ತಿಗೆ ಇಡಿ. ಮಾತ್ರೆಯ ಬದಲಿಗೆ ಇದೊಂದೇ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ದುಡ್ಡು ಹಾಕುವ ಮುಂಚೆ ಎರಡು ಸಲ ಯೋಚಿಸಿ

ನ್ಯೂರೋಫೀಡ್‌ಬ್ಯಾಕ್: ತಲೆಗೆ ತಂತಿ ಹಚ್ಚಿ, ಪರದೆ ನೋಡಿ ಮೆದುಳಿನ ಅಲೆ ತಿದ್ದುವ ತರಬೇತಿ. ಹತ್ತಾರು ಸೆಷನ್, ತುಂಬಾ ಖರ್ಚು. 38 ಪ್ರಯೋಗಗಳನ್ನು ನೋಡಿದ ಇತ್ತೀಚಿನ ವಿಶ್ಲೇಷಣೆಯಲ್ಲಿ, ಯಾರಿಗೆ ಯಾವ ಚಿಕಿತ್ಸೆ ಎಂದು ಗೊತ್ತಿಲ್ಲದವರು ಅಂಕ ಕೊಟ್ಟಾಗ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ನೆನಪಿನ ಶಕ್ತಿ ಹೆಚ್ಚಿಸುವ ಆಟಗಳದೂ ಇದೇ ಕಥೆ, ಆ ಆಟದಲ್ಲಿ ಚುರುಕಾಗುತ್ತೀರಿ, ಬದುಕಿನಲ್ಲಿ ಅಲ್ಲ. ಒಮೆಗಾ-3 ಗುಳಿಗೆಯ ಪರಿಣಾಮ ಇದ್ದರೂ ತುಂಬಾ ಸಣ್ಣದು. ಮೈಂಡ್‌ಫುಲ್‌ನೆಸ್ ಇವುಗಳ ಸಾಲಿಗೆ ಸೇರುವುದಿಲ್ಲ, ಕೆಲವರಿಗೆ ನಿಜವಾಗಿ ನೆಮ್ಮದಿ ಕೊಡುತ್ತದೆ, ಆದರೆ ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಕೂರುವುದು ನಮ್ಮಿಂದ ಏನು ಕೇಳುತ್ತದೆ ಎಂದು ಯೋಚಿಸಿ. ನಡೆಯುತ್ತಾ ಮೂರು ನಿಮಿಷದಿಂದ ಶುರು ಮಾಡಿ.

ಹಾಗಾದರೆ ನಾನು ಯಾವುದನ್ನು ಹಿಡಿಯಲಿ?

ಕೆಲಸ ಹೋಗುವ ಹಂತಕ್ಕೆ ಬಂದಿದೆ, ಗಾಡಿ ಎರಡು ಸಲ ತಾಗಿಸಿದ್ದೀರಿ, ಮನೆಯಲ್ಲಿ ದಿನಾ ಜಗಳ: ಮೊದಲು ಔಷಧದ ಮಾತು ಎತ್ತಿ. ಇಲ್ಲಿ ನಿಧಾನದ ದಾರಿಗಳಿಗೆ ಪುರುಸೊತ್ತಿಲ್ಲ. ಹೇಗೋ ನಡೆಯುತ್ತಿದೆ ಆದರೆ ಸುಸ್ತಾಗಿ ಸಾಯುತ್ತಿದ್ದೀರಿ ಎಂದರೆ, ಸುತ್ತಲಿನದನ್ನು ಬದಲಿಸುವುದು ಮತ್ತು ಸಿಬಿಟಿಯಿಂದ ಶುರು ಮಾಡಬಹುದು, ಮೂರು ತಿಂಗಳ ಗಡುವು ಇಟ್ಟುಕೊಂಡು. ಆತಂಕ ಅಥವಾ ಖಿನ್ನತೆಯೇ ಮುಂದೆ ನಿಂತಿದ್ದರೆ, ಯಾವುದಕ್ಕೆ ಮೊದಲು ಚಿಕಿತ್ಸೆ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಸಾಮಾನ್ಯವಾಗಿ ಜಾಸ್ತಿ ಹಿಂಸೆ ಕೊಡುತ್ತಿರುವುದಕ್ಕೇ ಮೊದಲು. ಬಸುರಿಯಾಗಿದ್ದರೆ, ಆಗುವ ಯೋಚನೆ ಇದ್ದರೆ ಅದನ್ನು ಮೊದಲೇ ಹೇಳಿ, ಸುಮ್ನೆ ಹೆದರಿ ನೀವೇ ಮಾತ್ರೆ ನಿಲ್ಲಿಸಬೇಡಿ.

ಔಷಧ, ಥೆರಪಿ ಎರಡರಲ್ಲಿ ಒಂದನ್ನೇ ಆರಿಸಬೇಕು ಎಂಬ ಒತ್ತಾಯ ಬೇಡ. 1999ರಲ್ಲಿ 579 ಮಕ್ಕಳ ಮೇಲೆ ನಡೆದ ಅಮೆರಿಕದ ಎಂಟಿಎ ಪ್ರಯೋಗದಲ್ಲಿ 14 ತಿಂಗಳ ಕೊನೆಗೆ, ಎಚ್ಚರಿಕೆಯಿಂದ ಹೊಂದಿಸಿದ ಔಷಧ ಮತ್ತು ಔಷಧದ ಜೊತೆ ನಡವಳಿಕೆಯ ತರಬೇತಿ, ಈ ಎರಡು ಗುಂಪುಗಳು ಮುಖ್ಯ ಲಕ್ಷಣಗಳಲ್ಲಿ ಮುಂದಿದ್ದವು. ಎರಡೂ ಸಿಕ್ಕವರಿಗೆ ಔಷಧ ಕಡಿಮೆ ಪ್ರಮಾಣದಲ್ಲಿ ಸಾಕಾಯಿತು. ಆದರೆ ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ವ್ಯತ್ಯಾಸವೇ ಕಾಣಲಿಲ್ಲ. ಆ ಹೊತ್ತಿಗೆ ಪ್ರಯೋಗದ ಕಟ್ಟುನಿಟ್ಟಿನ ಆರೈಕೆ ಮುಗಿದಿತ್ತು, ಎಷ್ಟೋ ಮಕ್ಕಳು ಔಷಧ ಬಿಟ್ಟಿದ್ದರು, ಎಷ್ಟೋ ಮಕ್ಕಳು ಹೊಸದಾಗಿ ಹಿಡಿದಿದ್ದರು. ಅದೇ ಮಕ್ಕಳನ್ನು ದೊಡ್ಡವರಾಗುವವರೆಗೆ ಹಿಂಬಾಲಿಸಿದಾಗ, ಸುಮಾರು ಮೂರರಲ್ಲಿ ಎರಡು ಭಾಗದವರಲ್ಲಿ ಎಡಿಎಚ್‌ಡಿ ಕೆಲವು ವರ್ಷ ತಗ್ಗಿ, ಕೆಲವು ವರ್ಷ ಏರಿ, ಹೀಗೇ ಹೊಯ್ದಾಡಿತ್ತು. ಪೂರ್ತಿ ಬಿಟ್ಟುಹೋಗಿ ಮತ್ತೆ ಬಾರದೇ ಇದ್ದದ್ದು ಹತ್ತರಲ್ಲಿ ಒಬ್ಬರಿಗೆ ಮಾತ್ರ. ಆದ್ದರಿಂದ ಈ ವರ್ಷ ಸರಿಹೊಂದಿದ್ದು ಹೊಸ ಕೆಲಸ, ಹೊಸ ಮಗು, ಹೊಸ ಊರು ಬಂದಾಗ ಸಾಲದೆ ಹೋಗಬಹುದು. ವರ್ಷಕ್ಕೊಮ್ಮೆ ಡಾಕ್ಟರ ಜೊತೆ ಕೂತು ಇದು ಈಗಲೂ ಬೇಕಾ, ಸಾಕಾ ಎಂದು ನೋಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹೊಸ ಮಾತ್ರೆ, ಹೊಸ ಆ್ಯಪ್, ಬೆಳಗಿನ ಓಟ ಎಲ್ಲ ಒಂದೇ ಸೋಮವಾರ ಶುರು ಮಾಡಿದರೆ ಯಾವುದು ಕೆಲಸ ಮಾಡಿತು ಎಂದು ದೇವರಿಗೇ ಗೊತ್ತು. ಡಾಕ್ಟರ ಹತ್ತಿರ ಹೋಗುವ ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ಮೂರು ಸಾಲು ಬರೆಯಿರಿ: ಕಳೆದ ತಿಂಗಳು ನನ್ನನ್ನು ಅತಿ ಹೆಚ್ಚು ನೋಯಿಸಿದ ಒಂದು ಘಟನೆ, ದಿನದ ಯಾವ ಹೊತ್ತು ಅತಿ ಕಷ್ಟ, ಮೂರು ತಿಂಗಳ ಮೇಲೆ ಯಾವ ಒಂದು ಸಂಗತಿ ಬದಲಾಗಿದ್ದರೆ ಇದು ಫಲಿಸಿತು ಎನ್ನುತ್ತೇನೆ. "ಗಮನ ಹೆಚ್ಚಬೇಕು" ಎಂದು ಬರೆಯಬೇಡಿ, ಅದನ್ನು ಅಳೆಯಲು ಆಗುವುದಿಲ್ಲ. "ವಾರಕ್ಕೆ ನಾಲ್ಕು ದಿನವಾದರೂ ಮಗಳನ್ನು ಹೊತ್ತಿಗೆ ಸರಿಯಾಗಿ ಶಾಲೆಯಿಂದ ಕರೆತರಬೇಕು" ಎಂದು ಬರೆಯಿರಿ. ಬರೆದ ಚೀಟಿಯನ್ನು ಶೂ ಒಳಗೆ ಇಡಿ.